ಆಪರೇಟಿಂಗ್ ಸಿಸ್ಟಮ್ ಬದಲಾಯಿಸಿದ ಮೇಲೆ: ಲ್ಯಾಪ್‌ಟಾಪಿನ ಬೆರಳಚ್ಚು, ಬಿಟ್‌ಲಾಕರ್ ಕೀಲಿ, ಟಿಪಿಎಂ ಚಿಪ್

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಮಾತ್ರ ಮೈಕ್ರೋಸಾಫ್ಟ್ ಇನ್ನೊಂದು ವರ್ಷದ ವಾಯಿದೆ ಕೊಟ್ಟಿತು. ಅಂದಿನಿಂದ ನಮ್ಮ ಸದಸ್ಯರಲ್ಲಿ ಅನೇಕರು ಹಳೆಯ ಲ್ಯಾಪ್‌ಟಾಪನ್ನು ವಿಂಡೋಸ್ 11ಕ್ಕೆ ಏರಿಸಿದ್ದಾರೆ, ಇಲ್ಲವೇ ಲಿನಕ್ಸ್ ಹಾಕಿಸಿಕೊಂಡಿದ್ದಾರೆ. ಕಾಸರಗೋಡಿನವರಾದ ನಮಗೆ ಲಿನಕ್ಸ್ ಹೊಸತೇನಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ ಮಕ್ಕಳು ಕಲಿಯುತ್ತಿರುವುದು ಅದರಲ್ಲೇ. ಆ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಬದಲಾಯಿತು. ಅದು ಉಬುಂಟುವನ್ನು ಆಧರಿಸಿದ ತನ್ನದೇ ಆವೃತ್ತಿಯನ್ನು ಶಾಲೆಗಳಿಗೆ ಕೊಡುತ್ತದೆ. ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿರುವುದೂ ಅದೇ. ಹಾಗಾಗಿ ಮನೆಗೂ ಅದನ್ನೇ ಹಾಕಿಸಿ ಎಂದು ಮಕ್ಕಳೇ ಹಟ ಹಿಡಿಯುವುದುಂಟು.

ಬದಲಾಯಿಸಿದ ಮರುದಿನ ಸಂಘದ ವಾಟ್ಸಾಪ್ ಗುಂಪಿಗೆ ಪ್ರಶ್ನೆ ಬರುತ್ತದೆ. ಬೆರಳಿಟ್ಟರೆ ತೆರೆಯುವುದಿಲ್ಲ. ಪಿನ್ ಲಭ್ಯವಿಲ್ಲ ಎನ್ನುತ್ತದೆ. ನೀಲಿ ಪರದೆ ಬಂದು 48 ಅಂಕಿ ಕೇಳುತ್ತದೆ. ಹೆಚ್ಚಿನವರು ಮೊದಲು ಕೇಳುವುದು ಬೆರಳಚ್ಚಿನ ಬಗ್ಗೆ. ನಾವು ಮೊದಲು ಕೇಳುವುದು ಬೇರೆ: ಬಿಟ್‌ಲಾಕರ್ ರಿಕವರಿ ಕೀ ನಿಮ್ಮ ಹತ್ತಿರ ಉಂಟೇ? ಬೆರಳಚ್ಚು ಕೆಲಸ ಮಾಡದಿದ್ದರೆ ಪಾಸ್‌ವರ್ಡ್ ಒತ್ತುವ ತೊಂದರೆ ಮಾತ್ರ. ಕೀಲಿ ಇಲ್ಲದಿದ್ದರೆ ಡಿಸ್ಕಿನಲ್ಲಿ ಇದ್ದದ್ದೆಲ್ಲ ಹೋಯಿತು. ಇದನ್ನು ನಾವು ಕಲಿತದ್ದು ಸಂಘದ ಲ್ಯಾಪ್‌ಟಾಪಿನಿಂದಲೇ.

ಸಂಘದ ಲ್ಯಾಪ್‌ಟಾಪಿಗೆ ಆದದ್ದು

ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಆ ಲ್ಯಾಪ್‌ಟಾಪ್ ಕೊಂಡದ್ದು 2018ರಲ್ಲಿ. ಟಿಪಿಎಂ 2.0 ಇತ್ತು, ಆದರೆ ಅದರ ಇಂಟೆಲ್ ಪ್ರೊಸೆಸರ್ ಏಳನೇ ತಲೆಮಾರಿನದು. ಬೆರಳೆಣಿಕೆಯ ಮಾದರಿಗಳನ್ನು ಬಿಟ್ಟರೆ ವಿಂಡೋಸ್ 11 ಒಪ್ಪುವುದು ಎಂಟನೇ ತಲೆಮಾರಿನಿಂದ ಈಚಿನದನ್ನು. ಹಾಗಾಗಿ ಉಬುಂಟು ಹಾಕಿಸುವುದೆಂದು ಸಮಿತಿಯಲ್ಲಿ ತೀರ್ಮಾನವಾಯಿತು. ಪೇಟೆಯ ರಿಪೇರಿಯವರೊಬ್ಬರಿಗೆ ಕೊಟ್ಟು, ಸಿ ಡ್ರೈವ್ ಅಳಿಸಿ, ಡಿ ಡ್ರೈವ್ ಮುಟ್ಟಬೇಡಿ ಎಂದೆವು. ಅವರು ಹೇಳಿದ ಹಾಗೆಯೇ ಮಾಡಿದರು. ಸಂಜೆ ತಂದು ಡಿ ಡ್ರೈವ್ ತೆರೆಯಹೋದರೆ ಪಾಸ್‌ವರ್ಡ್ ಕೇಳಿತು. ನಾವು ಯಾರೂ ಅದಕ್ಕೆ ಪಾಸ್‌ವರ್ಡ್ ಇಟ್ಟವರೇ ಅಲ್ಲ.

ಡಿ ಡ್ರೈವಿನಲ್ಲಿ ಸದಸ್ಯರ ಪಟ್ಟಿ ಇತ್ತು, ಲೆಕ್ಕಪತ್ರ ಇತ್ತು, ಏಳು ವರ್ಷಗಳ ತಾಳಮದ್ದಳೆ ಕೂಟಗಳ ಧ್ವನಿಮುದ್ರಣ ಇತ್ತು. ಅದರಲ್ಲಿ ಅರ್ಥ ಹೇಳಿದ ಹಿರಿಯರ ಪೈಕಿ ಇಬ್ಬರು ಈಗ ನಮ್ಮೊಂದಿಗಿಲ್ಲ. ಲೆಕ್ಕಕ್ಕೆ ಕಾಗದದ ಪ್ರತಿ ಇತ್ತು. ಧ್ವನಿಗೆ ಇರಲಿಲ್ಲ.

ನಡೆದದ್ದು ಇಷ್ಟು. ವಿಂಡೋಸ್ ಹೋಮ್ ಆವೃತ್ತಿಯಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಎಂಬ ವ್ಯವಸ್ಥೆಯಿದೆ. ಅನುಕೂಲವಾದ ಚಿಪ್ ಇರುವ ಯಂತ್ರದಲ್ಲಿ ಮೊದಲ ಸಲ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದಾಗ ಅದು ತಾನಾಗಿಯೇ ಚಾಲೂ ಆಗುತ್ತದೆ. ಒಳಗಿರುವುದು ಬಿಟ್‌ಲಾಕರೇ. ಸಿ ಮತ್ತು ಡಿ ಎರಡಕ್ಕೂ ಬೀಗ ಬಿದ್ದಿತ್ತು, ಆದರೆ ಡಿ ಡ್ರೈವಿನ ಕೀಲಿಯನ್ನು ವಿಂಡೋಸ್ ಸಿ ಡ್ರೈವಿನೊಳಗೇ ಇಟ್ಟುಕೊಂಡು ದಿನಾ ತಾನೇ ತೆರೆಯುತ್ತಿತ್ತು. ಅದಕ್ಕೇ ಬೀಗ ಇದ್ದದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಸಿ ಅಳಿಸಿದಾಗ ಆ ಕೀಲಿಯೂ ಹೋಯಿತು. ಉಳಿದದ್ದು ಒಂದೇ ದಾರಿ, 48 ಅಂಕಿಯ ರಿಕವರಿ ಕೀ.

ಅದು ಇರುವುದು ಯಂತ್ರವನ್ನು ಮೊದಲು ತೆರೆದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆಗಿನ ಕಾರ್ಯದರ್ಶಿಯವರಿಗೆ ಅಂಥ ಖಾತೆ ಮಾಡಿದ ನೆನಪೇ ಇಲ್ಲ. ವಿಚಾರಿಸುತ್ತಾ ಹೋದಾಗ ತಿಳಿಯಿತು, 2018ರಲ್ಲಿ ಅವರ ಮಗಳು ಇದಕ್ಕಾಗಿಯೇ ಒಂದು ಇಮೇಲ್ ಮಾಡಿಕೊಟ್ಟಿದ್ದಳು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಹೊಸ ಪಾಸ್‌ವರ್ಡಿಗೆ ಬರುವ ಕೋಡ್ ಹೋಗುವುದು ಎಂದೋ ಬಿಟ್ಟ ಸಿಮ್ ನಂಬರಿಗೆ. ಅದೃಷ್ಟಕ್ಕೆ ಅವಳು ಬದಲಿ ವಿಳಾಸವಾಗಿ ತನ್ನ ಇಮೇಲ್ ಕೊಟ್ಟಿದ್ದಳು. ಮೂರು ವಾರದ ಮೇಲೆ ಖಾತೆ ತೆರೆಯಿತು. ಅಲ್ಲಿ ಎರಡು ಕೀಲಿಗಳಿದ್ದವು. ಮೊದಲನೆಯದನ್ನು ಒತ್ತಿದರೆ ತಪ್ಪು ಎಂದಿತು. ಒಂದು ಗಳಿಗೆ ಎಲ್ಲರೂ ಸುಮ್ಮನಾದೆವು. ಎರಡನೆಯದಕ್ಕೆ ಡಿ ಡ್ರೈವ್ ತೆರೆಯಿತು. ಆ ರಾತ್ರಿಯೇ ಎಲ್ಲವನ್ನೂ ಎರಡು ಹೊರ ಡಿಸ್ಕುಗಳಿಗೆ ನಕಲು ಮಾಡಿದೆವು.

ಇನ್ನೊಬ್ಬ ಸದಸ್ಯರಿಗೆ ಈ ಅದೃಷ್ಟ ಇರಲಿಲ್ಲ. ಮಗಳ ಮದುವೆಯ ಚಿತ್ರಗಳಿರುವ ಡಿಸ್ಕ್ ಈಗಲೂ ಅವರ ಕಪಾಟಿನಲ್ಲಿದೆ, ತೆರೆಯುವ ಕೀಲಿ ಎಲ್ಲೂ ಇಲ್ಲ. ದುಡ್ಡು ಕೊಟ್ಟರೆ ಒಡೆದು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಟ್‌ಲಾಕರ್ ಬಳಸುವ ಎಇಎಸ್ ಗೂಢಲಿಪಿಯನ್ನು ಊಹಿಸಿ ತೆರೆಯುವ ಉಪಾಯ ಪೇಟೆಯ ಯಾವ ಅಂಗಡಿಯಲ್ಲೂ ಇಲ್ಲ.

ಕೀಲಿ ಹುಡುಕುವುದು

ನೀಲಿ ಪರದೆಯಲ್ಲಿ ಅಂಕಿ ಕೇಳುವಾಗ 'ರಿಕವರಿ ಕೀ ಐಡಿ' ಎಂದು ಒಂದು ಸಾಲು ಕಾಣುತ್ತದೆ. ಅದರ ಮೊದಲ ಎಂಟು ಅಕ್ಷರಗಳನ್ನು ಬರೆದಿಟ್ಟುಕೊಳ್ಳಿ. ಬೇರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಡಿವೈಸಸ್ ವಿಭಾಗದಲ್ಲಿ ಬಿಟ್‌ಲಾಕರ್ ಕೀಲಿಗಳ ಪಟ್ಟಿ ತೆರೆದರೆ, ಅಲ್ಲಿಯೂ ಪ್ರತಿ ಕೀಲಿಯ ಎದುರು ಐಡಿ ಇರುತ್ತದೆ. ಐಡಿ ಹೊಂದುವ ಕೀಲಿಯೇ ನಿಮ್ಮದು. ಪ್ರತಿ ಡ್ರೈವಿಗೂ ಬೇರೆ ಕೀಲಿ ಎಂಬುದನ್ನು ಮರೆಯಬೇಡಿ. ಕೀಲಿಯಲ್ಲಿ ಆರಾರು ಅಂಕಿಯ ಎಂಟು ಗುಂಪುಗಳಿರುತ್ತವೆ. ಒಬ್ಬರು ಓದಿ ಇನ್ನೊಬ್ಬರು ಒತ್ತಿದರೆ ತಪ್ಪು ಕಡಿಮೆ. ಕಚೇರಿಯಿಂದ ಕೊಟ್ಟ ಲ್ಯಾಪ್‌ಟಾಪ್ ಆದರೆ ಕೀಲಿ ಕಚೇರಿಯ ಖಾತೆಯಲ್ಲಿರುತ್ತದೆ, ಅಲ್ಲಿನ ಕಂಪ್ಯೂಟರ್ ವಿಭಾಗದವರನ್ನೇ ಕೇಳಬೇಕು. ಮನೆಯಲ್ಲಿ ಯಾರ ಯಾರ ಖಾತೆಯಿದೆಯೋ ಎಲ್ಲವನ್ನೂ ನೋಡಿ, ಮಕ್ಕಳ ಖಾತೆಯನ್ನೂ. ಕೀಲಿ ಸಿಗುವುದು ಬಹಳ ಸಲ ಅಲ್ಲಿಯೇ.

ಲಿನಕ್ಸ್ ಹಾಕಿದ ಮೇಲೂ ಕೀಲಿ ಇದ್ದರೆ ಡ್ರೈವ್ ಓದಬಹುದು. ಈಚಿನ ಉಬುಂಟುವಿನಲ್ಲಿ ಫೈಲ್ಸ್ ಕಿಟಕಿಯ ಎಡಬದಿಯಲ್ಲಿ ಆ ಡ್ರೈವನ್ನು ಒತ್ತಿ, ಪಾಸ್‌ವರ್ಡ್ ಕೇಳಿದಲ್ಲಿ 48 ಅಂಕಿಯನ್ನು ನಡುವಿನ ಅಡ್ಡಗೆರೆಗಳ ಸಮೇತ ಕೊಡಬೇಕು. ನಮ್ಮ ಡಿ ಡ್ರೈವ್ ತೆರೆದದ್ದು ಹೀಗೆಯೇ, ವಿಂಡೋಸ್ ಮತ್ತೆ ಹಾಕಬೇಕಾಗಲಿಲ್ಲ.

ಇನ್ನೂ ಬದಲಾಯಿಸದವರಿಗೆ ಇದಕ್ಕಿಂತ ಸುಲಭ ದಾರಿ ಉಂಟು. ವಿಂಡೋಸ್ ಇರುವಾಗಲೇ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಹುಡುಕಿ ಆಫ್ ಮಾಡಿ. ವಿಂಡೋಸ್ 11ರಲ್ಲಿ ಅದು 'ಪ್ರೈವಸಿ ಆಂಡ್ ಸೆಕ್ಯುರಿಟಿ' ಒಳಗಿದೆ, 10ರಲ್ಲಿ 'ಅಪ್‌ಡೇಟ್ ಆಂಡ್ ಸೆಕ್ಯುರಿಟಿ' ಒಳಗೆ. ಪ್ರೊ ಆವೃತ್ತಿಯವರು ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟದಲ್ಲಿ ನೋಡಬೇಕು. ಬೀಗ ಬಿಚ್ಚಲು ಗಂಟೆಗಳೇ ಹಿಡಿಯಬಹುದು. ಚಾರ್ಜರ್ ಹಾಕಿಯೇ ಇಡಿ, ಪೂರ್ತಿ ಮುಗಿಯಿತೆಂದು ತೋರಿಸುವ ತನಕ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಡಿ ಡ್ರೈವೂ ಬಿಚ್ಚಿದೆಯೇ ಎಂದು ಬೇರೆಯಾಗಿ ನೋಡಿ. ಹೊರ ಡಿಸ್ಕಿಗೆ ಒಂದು ನಕಲು ಅಂತೂ ಬೇಕೇ ಬೇಕು.

ಟಿಪಿಎಂ ಯಾಕೆ ಮುನಿಸಿಕೊಳ್ಳುತ್ತದೆ

ಟಿಪಿಎಂ ಎಂದರೆ ಟ್ರಸ್ಟೆಡ್ ಪ್ಲಾಟ್‌ಫಾರ್ಮ್ ಮಾಡ್ಯೂಲ್. ಕೆಲವು ಯಂತ್ರಗಳಲ್ಲಿ ಇದು ಮದರ್‌ಬೋರ್ಡಿನ ಮೇಲೆ ಬೇರೆಯೇ ಚಿಪ್. ಮನೆಬಳಕೆಯ ಹಲವು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರಿನ ಜೊತೆಗೇ ಬರುತ್ತದೆ, ಇಂಟೆಲಿನಲ್ಲಿ ಪಿಟಿಟಿ ಎಂಬ ಹೆಸರಲ್ಲಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ. ಬಾಗಿಲಲ್ಲಿ ಕೂತ ಕಾವಲುಗಾರ ಎಂದು ತಿಳಿದುಕೊಳ್ಳಿ. ಯಂತ್ರ ಹೊತ್ತಿಸಿದಾಗಲೆಲ್ಲ ಯಾರು ಯಾರು ಯಾವ ಕ್ರಮದಲ್ಲಿ ಒಳಗೆ ಬಂದರು ಎಂದು ಲೆಕ್ಕ ಇಡುತ್ತಾನೆ. ನಿನ್ನೆಯ ಲೆಕ್ಕಕ್ಕೂ ಇಂದಿನದಕ್ಕೂ ತಾಳೆಯಾದರೆ ಮಾತ್ರ ಕೀಲಿ ಕೊಡುತ್ತಾನೆ. ಇಲ್ಲದಿದ್ದರೆ 48 ಅಂಕಿ ತನ್ನಿ ಎನ್ನುತ್ತಾನೆ. ಬದಲಾಯಿಸಿದ್ದು ಯಜಮಾನನೋ ಕಳ್ಳನೋ ಅವನಿಗೆ ತಿಳಿಯದು.

ಹಾಗಾಗಿ ಪೆನ್ ಡ್ರೈವಿನಿಂದ ಲಿನಕ್ಸ್ ಹೊತ್ತಿಸಲೆಂದು ಬಯೋಸಿನಲ್ಲಿ ಸೆಕ್ಯೂರ್ ಬೂಟ್ ತೆಗೆದರೆ, ಮುಂದಿನ ಸಲ ವಿಂಡೋಸ್ ಕೀಲಿ ಕೇಳುತ್ತದೆ. ಗಾಬರಿಯಾಗಬೇಡಿ. ಏನು ಬದಲಾಯಿಸಿದ್ದೀರೋ ಅದನ್ನು ಮೊದಲಿನಂತೆ ಮಾಡಿ ಮತ್ತೆ ಹೊತ್ತಿಸಿ. ಬಹಳ ಸಲ ಕೇಳುವುದು ಅಷ್ಟಕ್ಕೇ ನಿಲ್ಲುತ್ತದೆ. ನಿಜವಾಗಿ ಉಬುಂಟು, ಫೆಡೋರಾ, ಡೆಬಿಯನ್ ಹಾಕಲು ಸೆಕ್ಯೂರ್ ಬೂಟ್ ತೆಗೆಯಬೇಕಾಗಿಯೇ ಇಲ್ಲ, ಅವುಗಳಿಗೆ ಬೇಕಾದ ಸಹಿ ಇದೆ. ಮೊದಲು ತೆಗೆಯಿರಿ ಎನ್ನುವ ಹಳೆಯ ವಿಡಿಯೋ ನೋಡಿ ಕೆಲಸಕ್ಕಿಳಿದವರೇ ನಮ್ಮಲ್ಲಿಗೆ ಹೆಚ್ಚಾಗಿ ಬರುವುದು.

ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇನ್ನೊಂದು ತೊಡಕು. ಲಿನಕ್ಸಿನ ಗ್ರಬ್ ಪಟ್ಟಿಯಿಂದ ವಿಂಡೋಸ್ ಆರಿಸಿದರೆ ಕೆಲವು ಯಂತ್ರಗಳಲ್ಲಿ ಪ್ರತಿ ಸಲವೂ ಕೀಲಿ ಕೇಳುತ್ತದೆ, ಬರುವ ದಾರಿ ಬದಲಾಯಿತಲ್ಲ! ಹೊತ್ತಿಸುವಾಗ ಎಫ್12 ಅಥವಾ ಎಫ್9 ಒತ್ತಿದರೆ ಸಿಗುವ ಬೂಟ್ ಪಟ್ಟಿಯಿಂದಲೇ ವಿಂಡೋಸ್ ಆರಿಸಿದರೆ ಈ ಕಾಟ ತಪ್ಪುತ್ತದೆ. ಯಾವ ಕೀ ಎಂಬುದು ಕಂಪನಿಗೊಂದು ತರ. ಬಯೋಸ್ ಅಪ್‌ಡೇಟ್ ಮಾಡುವ ಮೊದಲು ಬಿಟ್‌ಲಾಕರನ್ನು 'ಸಸ್ಪೆಂಡ್' ಮಾಡಿಡುವುದು ಒಳ್ಳೆಯದು. ಮದರ್‌ಬೋರ್ಡ್ ಬದಲಾಯಿಸಿದರೆ ಕಾವಲುಗಾರನೇ ಬೇರೆ, ಕೀಲಿ ಬೇಕೇ ಬೇಕು.

ಎಎಂಡಿ ಯಂತ್ರಗಳಲ್ಲಿ ಬಯೋಸ್ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಒಂದು ಪ್ರಶ್ನೆ ಬರುತ್ತದೆ: ಎಫ್‌ಟಿಪಿಎಂ ರೀಸೆಟ್ ಮಾಡಲು ವೈ ಒತ್ತಿ, ಬೇಡವಾದರೆ ಎನ್ ಒತ್ತಿ. ಕೀಲಿ ಕೈಯಲ್ಲಿಲ್ಲದೆ ವೈ ಒತ್ತಬೇಡಿ. ಬಯೋಸಿನ 'ಕ್ಲಿಯರ್ ಟಿಪಿಎಂ' ಎಂಬುದಕ್ಕೂ ಇದೇ ಮಾತು. ಬೆರಳಚ್ಚು ಬರುವುದಿಲ್ಲ, ಪಿನ್ ಬರುವುದಿಲ್ಲ ಎಂದು ಸಿಟ್ಟಿನಲ್ಲಿ ಅದನ್ನು ಒತ್ತಿದವರುಂಟು. ಅದು ರಿಪೇರಿಯ ಗುಂಡಿಯಲ್ಲ. ಚಿಪ್ಪಿನೊಳಗಿನ ಕೀಲಿಗಳೆಲ್ಲ ಹೋಗುತ್ತವೆ, ಅವುಗಳನ್ನು ನಂಬಿದ ಬೀಗಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ವಿಂಡೋಸ್ 11 ಹಾಕುವಾಗ ಟಿಪಿಎಂ ಇಲ್ಲ ಎಂದು ಹೇಳಿದರೆ ಚಿಪ್ ಇಲ್ಲವೆಂದೇ ಅರ್ಥವಲ್ಲ. ಎಷ್ಟೋ ಸಲ ಬಯೋಸಿನಲ್ಲಿ ಅದು ಆಫ್ ಆಗಿರುತ್ತದೆ. ಅಲ್ಲಿ ಪಿಟಿಟಿ, ಎಫ್‌ಟಿಪಿಎಂ, ಸೆಕ್ಯುರಿಟಿ ಚಿಪ್, ಟಿಪಿಎಂ ಡಿವೈಸ್, ಇಂಥ ಯಾವುದಾದರೂ ಹೆಸರನ್ನು ಹುಡುಕಿ. ಆನ್ ಮಾಡಿದ ಮೇಲೆ ವಿಂಡೋಸ್ ಸೆಕ್ಯುರಿಟಿಯ 'ಡಿವೈಸ್ ಸೆಕ್ಯುರಿಟಿ' ಪುಟದಲ್ಲಿ ಸೆಕ್ಯುರಿಟಿ ಪ್ರೊಸೆಸರಿನ ವಿವರ ತೆರೆದರೆ ಆವೃತ್ತಿ 1.2ವೋ 2.0ವೋ ಗೊತ್ತಾಗುತ್ತದೆ. ಬೇಕಾದದ್ದು 2.0.

2024ರ ಆಗಸ್ಟಿನಲ್ಲಿ ಎರಡೂ ಸಿಸ್ಟಮ್ ಇದ್ದ ಹಲವರ ಲಿನಕ್ಸ್ ಒಂದೇ ಸಲಕ್ಕೆ ನಿಂತುಹೋದದ್ದು ಕೆಲವರಿಗೆ ನೆನಪಿರಬಹುದು. ಆ ತಿಂಗಳ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್ ಕಡತಗಳನ್ನು ತಡೆದದ್ದೇ ಕಾರಣ, 'ಶಿಮ್ ಎಸ್‌ಬ್ಯಾಟ್' ಎಂಬ ಮಾತು ಪರದೆಯಲ್ಲಿ ಕಾಣುತ್ತಿತ್ತು. ಯಂತ್ರ ಕೆಟ್ಟದ್ದಲ್ಲ. ಲಿನಕ್ಸನ್ನು ಹೊಸದಾಗಿ ಅಪ್‌ಡೇಟ್ ಮಾಡಿಟ್ಟುಕೊಳ್ಳುವುದೇ ಇದಕ್ಕೆ ಮದ್ದು.

ಬೆರಳಚ್ಚು

ಸಿಸ್ಟಮ್ ಬದಲಾದ ಮೇಲೆ ಹಳೆಯ ಬೆರಳಚ್ಚು ಕೆಲಸ ಮಾಡದಿರುವುದು ದೋಷವಲ್ಲ. ನಿಮ್ಮ ಬೆರಳಿನ ಗುರುತನ್ನು ಹಳೆಯ ಸಿಸ್ಟಮ್ ತನ್ನ ಲೆಕ್ಕದಲ್ಲಿ ಬರೆದಿಟ್ಟಿತ್ತು, ಹೊಸದಕ್ಕೆ ಅದು ಗೊತ್ತಿಲ್ಲ. ಮತ್ತೆ ದಾಖಲಿಸಬೇಕು. ದಾಖಲಿಸಲು ಹೋದಾಗಲೂ ಆಗದಿದ್ದರೆ ಮಾತ್ರ ಹುಡುಕಾಟ.

ವಿಂಡೋಸ್ ಹೊಸದಾಗಿ ಹಾಕಿದವರು ಮೊದಲು ಪಿನ್ ಇಡಬೇಕು. ಪಿನ್ ಇಲ್ಲದೆ ವಿಂಡೋಸ್ ಹಲೋ ಬೆರಳು ತೆಗೆದುಕೊಳ್ಳುವುದಿಲ್ಲ. ಆಮೇಲೂ 'ಈ ಆಯ್ಕೆ ಲಭ್ಯವಿಲ್ಲ' ಎಂದರೆ ಡಿವೈಸ್ ಮ್ಯಾನೇಜರ್ ತೆರೆದು 'ಬಯೋಮೆಟ್ರಿಕ್ ಡಿವೈಸಸ್' ಎಂಬ ಸಾಲಿದೆಯೇ ನೋಡಿ. ಇಲ್ಲವಾದರೆ, ಅಥವಾ ಹಳದಿ ಗುರುತಿನ ಅಪರಿಚಿತ ಸಾಧನ ಇದ್ದರೆ, ಡ್ರೈವರ್ ಇಲ್ಲ. ವಿಂಡೋಸ್ ಅಪ್‌ಡೇಟಿನ 'ಆಪ್ಷನಲ್ ಅಪ್‌ಡೇಟ್ಸ್' ಒಳಗೆ ಒಮ್ಮೆ ನೋಡಿ, ಸಿಗದಿದ್ದರೆ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾದರಿ ಸಂಖ್ಯೆ ಹಿಡಿದು ತಯಾರಕರ ಪುಟದಿಂದ ಇಳಿಸಿಕೊಳ್ಳಿ. ಒಂದು ಸಣ್ಣ ಗುಟ್ಟು: ಕೆಲವು ಮಾದರಿಗಳಲ್ಲಿ ಬೆರಳಚ್ಚಿನ ಸೆನ್ಸರ್ ಯುಎಸ್‌ಬಿಯಲ್ಲಿ ಇಲ್ಲ, ಎಸ್‌ಪಿಐ ಎಂಬ ಬೇರೆ ತಂತಿಯಲ್ಲಿ ಕೂತಿರುತ್ತದೆ. ಅಂಥದ್ದಕ್ಕೆ ಮೊದಲು ಚಿಪ್‌ಸೆಟ್ ಮತ್ತು ಸೀರಿಯಲ್ ಐಓ ಡ್ರೈವರ್ ಹಾಕದೆ ಬೆರಳಚ್ಚಿನ ಡ್ರೈವರನ್ನು ಎಷ್ಟು ಸಲ ಹಾಕಿದರೂ ಪ್ರಯೋಜನವಿಲ್ಲ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಾಗ ಮಾತ್ರ ಸೆನ್ಸರ್ ಸತ್ತಂತಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟ ಇದ್ದಲ್ಲಿ, ವಿದ್ಯುತ್ ಉಳಿಸಲು ಇದನ್ನು ನಿಲ್ಲಿಸಬಹುದು ಎನ್ನುವ ಗುರುತನ್ನು ತೆಗೆಯಿರಿ.

ಲಿನಕ್ಸಿನಲ್ಲಿ ಕತೆ ಬೇರೆ. ಅಲ್ಲಿ ಬೆರಳಚ್ಚನ್ನು ನೋಡಿಕೊಳ್ಳುವುದು ಲಿಬ್‌ಎಫ್‌ಪ್ರಿಂಟ್ ಎಂಬ ತಂತ್ರಾಂಶ. ಸೆನ್ಸರ್ ಗುರುತು ಸಿಕ್ಕಿದ್ದರೆ ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಯೂಸರ್ಸ್ ಪುಟದಲ್ಲಿ 'ಫಿಂಗರ್‌ಪ್ರಿಂಟ್ ಲಾಗಿನ್' ಎಂಬ ಸಾಲು ತಾನಾಗಿ ಕಾಣುತ್ತದೆ. ಸಾಲೇ ಇಲ್ಲವೆಂದರೆ ಗುರುತು ಸಿಕ್ಕಿಲ್ಲ. ಆಗ ಟರ್ಮಿನಲ್ ತೆರೆದು ಎಲ್ ಎಸ್ ಯು ಎಸ್ ಬಿ ಎಂಬ ಐದು ಇಂಗ್ಲಿಷ್ ಸಣ್ಣಕ್ಷರಗಳನ್ನು ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ, ಪ್ರತಿ ಸಾಲಿನಲ್ಲಿ ನಾಲ್ಕು ಮತ್ತು ನಾಲ್ಕು ಅಕ್ಷರಗಳ ಒಂದು ಸಂಖ್ಯೆ ಇರುತ್ತದೆ. ಮೊದಲ ನಾಲ್ಕು ತಯಾರಕರದು: 06ಸಿಬಿ ಎಂದರೆ ಸಿನಾಪ್ಟಿಕ್ಸ್, 27ಸಿ6 ಗುಡಿಕ್ಸ್, 04ಎಫ್3 ಎಲಾನ್, 138ಎ ವ್ಯಾಲಿಡಿಟಿ. ಎಂಟೂ ಅಕ್ಷರಗಳು ಸೇರಿದ ಸಂಖ್ಯೆ ಲಿಬ್‌ಎಫ್‌ಪ್ರಿಂಟಿನ ಬೆಂಬಲ ಪಟ್ಟಿಯಲ್ಲಿದೆಯೇ ಎಂದು ಅವರ ಪುಟದಲ್ಲಿ ನೋಡಿ. ಒಂದೇ ತಯಾರಕರ ಒಂದು ಸೆನ್ಸರ್ ನಡೆದು ಪಕ್ಕದ ಸಂಖ್ಯೆಯದು ನಡೆಯದಿರುವುದು ಸಾಮಾನ್ಯ. ಕಾರಣ, ಎಷ್ಟೋ ತಯಾರಕರು ಚಿಪ್ಪಿನೊಡನೆ ಮಾತಾಡುವ ಭಾಷೆಯನ್ನು ಹೊರಗೆ ಬಿಟ್ಟುಕೊಟ್ಟಿಲ್ಲ. ಎಸ್‌ಪಿಐ ಸೆನ್ಸರುಗಳಂತೂ ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಪಟ್ಟಿಯಲ್ಲಿದ್ದೂ ನಡೆಯದಿದ್ದರೆ ಉಬುಂಟುವಿನ ಫರ್ಮ್‌ವೇರ್ ಅಪ್‌ಡೇಟರ್ ತೆರೆದು ಸೆನ್ಸರಿಗೆ ಹೊಸ ಫರ್ಮ್‌ವೇರ್ ಬಂದಿದೆಯೇ ನೋಡಿ. ಲೆನೋವೋ ಥಿಂಕ್‌ಪ್ಯಾಡಿನ ಕೆಲವು ಸಿನಾಪ್ಟಿಕ್ಸ್ ಸೆನ್ಸರುಗಳಿಗೆ ಇದು ಬೇಕಾಗುತ್ತದೆ. ಪಟ್ಟಿಯಲ್ಲೇ ಇಲ್ಲವೆಂದರೆ ಲಿನಕ್ಸನ್ನು ಮೂರು ಸಲ ಅಳಿಸಿ ಹಾಕಿದರೂ ಫಲವಿಲ್ಲ. ಎಲ್ಲೋ ಸಿಕ್ಕಿದ ಆಜ್ಞೆಗಳನ್ನು ಟರ್ಮಿನಲ್ಲಿಗೆ ಅಂಟಿಸಿ ಯಂತ್ರದ ಪೂರ್ಣ ಅಧಿಕಾರ ಕೊಡಬೇಡಿ. ಪಾಸ್‌ವರ್ಡ್ ಬಳಸಿ ಎಂಬುದೇ ನಮ್ಮ ಸಲಹೆ. ಬೆರಳಚ್ಚೊಂದಕ್ಕಾಗಿ ಅಪ್‌ಡೇಟ್ ನಿಂತ ಹಳೆಯ ವಿಂಡೋಸಿಗೆ ಮರಳುವುದು ನಮಗೆ ಸರಿ ಕಾಣುವುದಿಲ್ಲ.

ಬೆರಳನ್ನು ಐದಾರು ಸಲ ತೆಗೆದುಕೊಂಡು ಕೊನೆಗೆ ತಪ್ಪು ಎನ್ನುವುದು ಇನ್ನೊಂದು ಬಗೆ. ಹೊಸ ಸೆನ್ಸರುಗಳು ಬೆರಳಿನ ಗುರುತನ್ನು ತಮ್ಮ ಚಿಪ್ಪಿನೊಳಗೇ ಇಟ್ಟುಕೊಂಡು ಅಲ್ಲಿಯೇ ತಾಳೆ ನೋಡುತ್ತವೆ. ಡಿಸ್ಕ್ ಅಳಿಸಿದರೂ ಚಿಪ್ಪಿನಲ್ಲಿ ಹಳೆಯ ಗುರುತು ಉಳಿದಿರುತ್ತದೆ. ಅದೇ ಬೆರಳನ್ನು ಲಿನಕ್ಸ್ ಕೊಟ್ಟಾಗ, ಇದು ಆಗಲೇ ಇದೆ ಎಂದು ಚಿಪ್ ತಿರಸ್ಕರಿಸಬಹುದು. ಪರೀಕ್ಷೆಗೆಂದು ಇದುವರೆಗೆ ಕೊಡದ ಬೇರೆ ಬೆರಳು ಕೊಟ್ಟು ನೋಡಿ. ಅದು ನಡೆದರೆ ಕಾರಣ ಇದೇ. ಥಿಂಕ್‌ಪ್ಯಾಡ್ ಆದರೆ ಬಯೋಸಿನ ಸೆಕ್ಯುರಿಟಿ ಪುಟದಲ್ಲಿ ಬೆರಳಚ್ಚಿನ ದತ್ತಾಂಶ ಅಳಿಸುವ ಆಯ್ಕೆಯಿದೆ. ವಿಂಡೋಸ್ ಇನ್ನೂ ಇರುವವರು ಬದಲಾಯಿಸುವ ಮೊದಲೇ ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ ಬೆರಳಚ್ಚನ್ನು ರಿಮೂವ್ ಮಾಡಿಬಿಟ್ಟರೆ ಈ ತೊಂದರೆ ಹುಟ್ಟುವುದೇ ಇಲ್ಲ. ಲ್ಯಾಪ್‌ಟಾಪ್ ಮಾರುವವರೂ ಇದನ್ನು ಮಾಡಬೇಕು.

ಚಿಪ್ಪಿನಲ್ಲಿ ವಿಂಡೋಸಿಗೊಂದು, ಲಿನಕ್ಸಿಗೊಂದು ಲೆಕ್ಕ ಇರುವುದು ಎಂಥ ತಲೆನೋವಾಗಬಹುದು ಎಂಬುದಕ್ಕೆ 2023ರ ಒಂದು ಉದಾಹರಣೆ ಉಂಟು. ಬ್ಲ್ಯಾಕ್‌ವಿಂಗ್ ಇಂಟೆಲಿಜೆನ್ಸ್ ಎಂಬ ಸಂಸ್ಥೆಯ ಸಂಶೋಧಕರು ಮೈಕ್ರೋಸಾಫ್ಟ್ ಕೇಳಿಕೊಂಡ ಮೇಲೆ ಮೂರು ಲ್ಯಾಪ್‌ಟಾಪುಗಳ ಬೆರಳಚ್ಚನ್ನು ಪರೀಕ್ಷಿಸಿದರು. ಡೆಲ್ ಇನ್‌ಸ್ಪಿರಾನ್ 15ರಲ್ಲಿದ್ದ ಗುಡಿಕ್ಸ್ ಸೆನ್ಸರಿಗೆ ಅವರು ಲಿನಕ್ಸಿನಿಂದ ತಮ್ಮ ಬೆರಳನ್ನು ದಾಖಲಿಸಿ, ವಿಂಡೋಸ್ ಹೊತ್ತುವಾಗ ಸೆನ್ಸರ್ ಲಿನಕ್ಸಿನ ಲೆಕ್ಕವನ್ನು ನೋಡುವಂತೆ ಮಾಡಿ, ಮಾಲೀಕನ ಹೆಸರಲ್ಲೇ ಒಳಗೆ ಹೋದರು. ಉಳಿದೆರಡೂ ಬೇರೆ ಉಪಾಯಗಳಿಂದ ಸೋತವು. ಇದಕ್ಕೆ ಯಂತ್ರ ಕೈಯಲ್ಲಿರಬೇಕು, ಉಪಕರಣ ಬೇಕು, ಜಾಣ್ಮೆ ಬೇಕು. ನಮ್ಮ ನಿಮ್ಮ ಮನೆಯಲ್ಲಿ ಹೆದರುವ ಕಾರಣವಿಲ್ಲ. ಆದರೂ ಬೆರಳಚ್ಚು ಇದೆಯೆಂದು ಪಾಸ್‌ವರ್ಡನ್ನು 1234 ಇಡಬೇಡಿ.

ಲಿನಕ್ಸಿನಲ್ಲಿ ಬೆರಳಿಟ್ಟು ಒಳಗೆ ಬಂದ ಮೇಲೂ ಬ್ರೌಸರ್ ತೆರೆದಾಗ 'ಕೀರಿಂಗ್' ಪಾಸ್‌ವರ್ಡ್ ಕೇಳುತ್ತದೆ ಎಂದು ಹಲವರು ದೂರುತ್ತಾರೆ. ಅದು ಹಾಗೆಯೇ ಇರಬೇಕಾದದ್ದು. ಉಳಿಸಿಟ್ಟ ಪಾಸ್‌ವರ್ಡುಗಳ ಪೆಟ್ಟಿಗೆಗೆ ನಿಮ್ಮ ಲಾಗಿನ್ ಪಾಸ್‌ವರ್ಡೇ ಕೀಲಿ, ಬೆರಳಿನಿಂದ ಆ ಕೀಲಿ ಹುಟ್ಟುವುದಿಲ್ಲ.

ಕನ್ನಡ ಕೀಲಿಮಣೆ ಹಾಕಿಕೊಂಡವರಿಗೆ

ಇದು ನಮ್ಮವರಿಗೇ ಆಗುವ ತೊಂದರೆ. ಹೊಸ ಸಿಸ್ಟಮಿನಲ್ಲಿ ಕನ್ನಡ ಕೀಲಿಮಣೆಯನ್ನು ಮೊದಲ ಸ್ಥಾನದಲ್ಲಿಟ್ಟರೆ ಲಾಗಿನ್ ಪರದೆಯಲ್ಲೂ ಅದೇ ಬರಬಹುದು. ಒತ್ತಿದ್ದೆಲ್ಲ ಚುಕ್ಕಿಯಾಗಿ ಕಾಣುವುದರಿಂದ ಕನ್ನಡ ಅಕ್ಷರ ಬೀಳುತ್ತಿದೆ ಎಂದು ತಿಳಿಯುವುದಿಲ್ಲ, ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಒಬ್ಬ ನಿವೃತ್ತ ಮಾಸ್ತರರು ಇದಕ್ಕಾಗಿ ಇಡೀ ಉಬುಂಟುವನ್ನೇ ಎರಡನೇ ಸಲ ಹಾಕಿಸಿದ್ದರು. ಪರದೆಯ ಮೂಲೆಯಲ್ಲಿ ಭಾಷೆಯ ಗುರುತು ನೋಡಿ, ವಿಂಡೋಸ್ ಚಿತ್ರದ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಎರಡೂ ಸಿಸ್ಟಮಿನಲ್ಲಿ ಇದೇ. ಇಂಗ್ಲಿಷ್ ಮೊದಲು, ಕನ್ನಡ ಎರಡನೆಯದು ಎಂದಿಡುವುದು ಕ್ಷೇಮ. ಲಿನಕ್ಸಿನಲ್ಲಿ ಡಿಸ್ಕಿಗೇ ಬೀಗ ಹಾಕಿದ್ದರೆ ಯಂತ್ರ ಹೊತ್ತುವಾಗಲೇ ಕೇಳುವ ಪಾಸ್‌ವರ್ಡಿಗೆ ಬೆರಳಚ್ಚು ನಡೆಯುವುದಿಲ್ಲ. ಅದನ್ನು ಸಾದಾ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲೇ ಇಡಿ.

ಕ್ಯಾಮರಾ, ಡಿಜಿಟಲ್ ಸಹಿ, ಆಧಾರ್

ಕ್ಯಾಮರಾ ಕಾಣುವುದಿಲ್ಲ ಎಂದು ತಂದವರಲ್ಲಿ ಕೆಲವರದ್ದು ಮುಚ್ಚಳ ಮುಚ್ಚಿತ್ತು ಅಷ್ಟೆ. ಪರದೆಯ ಮೇಲಂಚಿನ ಸಣ್ಣ ಜಾರುಮುಚ್ಚಳ, ಬದಿಯ ಸ್ವಿಚ್, ಮೇಲಿನ ಸಾಲಿನ ಕ್ಯಾಮರಾ ಚಿತ್ರದ ಕೀ, ಮೂರನ್ನೂ ನೋಡಿ. ಕೆಲವು ಎಚ್‌ಪಿ ಮಾದರಿಗಳಲ್ಲಿ ಸ್ವಿಚ್ ಆಫ್ ಇದ್ದರೆ ಕ್ಯಾಮರಾ ಯಂತ್ರದಿಂದಲೇ ಕಡಿದುಹೋಗಿ ಪಟ್ಟಿಯಲ್ಲೂ ಕಾಣುವುದಿಲ್ಲ. ಮುಖ ತೋರಿಸಿ ತೆರೆಯುವ ವಿಂಡೋಸ್ ಹಲೋಗೆ ಅತಿಗೆಂಪು ಕ್ಯಾಮರಾ ಬೇರೆಯೇ ಇರುತ್ತದೆ. ಲಿನಕ್ಸಿನಲ್ಲಿ ಅದು ಎರಡನೇ ಕ್ಯಾಮರಾ ಆಗಿ ಕಂಡು ಬೂದು ಚಿತ್ರ ಕೊಡಬಹುದು, ಕೆಟ್ಟದ್ದಲ್ಲ. ಹೌಡಿ ಎಂಬ ತಂತ್ರಾಂಶದಿಂದ ಲಿನಕ್ಸಿನಲ್ಲೂ ಮುಖ ಗುರುತಿಸಬಹುದು, ಆದರೆ ಪಾಸ್‌ವರ್ಡಿನಷ್ಟು ಭದ್ರವಲ್ಲ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ.

ತೆರಿಗೆ, ಟೆಂಡರ್ ಕೆಲಸ ಮಾಡುವವರ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಗ್ಗೆ: ಸಹಿ ಇರುವುದು ಟೋಕನ್ನಿನೊಳಗೆ, ಸಿಸ್ಟಮ್ ಬದಲಾದರೆ ಅದಕ್ಕೇನೂ ಆಗುವುದಿಲ್ಲ. ಆ ಟೋಕನ್ನಿನ ತಂತ್ರಾಂಶವನ್ನು ಮಾತ್ರ ಮತ್ತೆ ಹಾಕಬೇಕು. ಕಾಣುತ್ತಿಲ್ಲವೆಂದು 'ಇನಿಷಿಯಲೈಸ್' ಅಥವಾ 'ಫಾರ್ಮ್ಯಾಟ್' ಒತ್ತಿದರೆ ಸಹಿ ಅಳಿಸಿಹೋಗಿ ಹೊಸದಕ್ಕೆ ದುಡ್ಡು ತೆರಬೇಕು. ಪಾಸ್‌ವರ್ಡನ್ನು ಮತ್ತೆ ಮತ್ತೆ ತಪ್ಪು ಕೊಟ್ಟರೂ ಬೀಗ ಬೀಳುತ್ತದೆ. ಲಿನಕ್ಸಿಗೆ ಹೋಗುವ ಮೊದಲು ಟೋಕನ್ ಕೊಟ್ಟವರಲ್ಲಿ ಲಿನಕ್ಸ್ ತಂತ್ರಾಂಶ ಉಂಟೇ ಎಂದು ಕೇಳಿ. ನೀವು ಬಳಸುವ ಸರಕಾರಿ ಪುಟದ ಸಹಿ ತಂತ್ರಾಂಶವೂ ಲಿನಕ್ಸಿನಲ್ಲಿ ನಡೆಯಬೇಕು. ಇಲ್ಲವಾದರೆ ಆ ಕೆಲಸಕ್ಕೆ ವಿಂಡೋಸ್ ಯಂತ್ರವೊಂದನ್ನು ಉಳಿಸಿಕೊಳ್ಳಿ.

ಲ್ಯಾಪ್‌ಟಾಪಿನ ಬೆರಳಚ್ಚಿನಿಂದ ಆಧಾರ್ ದೃಢೀಕರಣ ಆಗುವುದಿಲ್ಲ, ಯಾವ ಸಿಸ್ಟಮ್ ಇದ್ದರೂ. ಅದಕ್ಕೆ ನೋಂದಾಯಿತ ಉಪಕರಣವೇ ಬೇಕು, ಅಕ್ಷಯ ಕೇಂದ್ರದಲ್ಲಿ ಇರುವಂಥದ್ದು.

ಸಂಘಕ್ಕೆ ತರುವವರು

ಲ್ಯಾಪ್‌ಟಾಪ್ ತರುವವರು ಚಾರ್ಜರ್, ಖಾಲಿಯಿರುವ ಹೊರ ಡಿಸ್ಕ್, ಮೈಕ್ರೋಸಾಫ್ಟ್ ಖಾತೆಯ ಕೋಡ್ ಬರುವ ಫೋನ್ ಮೂರನ್ನೂ ಜೊತೆಗೆ ತನ್ನಿ. ಯಂತ್ರವನ್ನು ಮೊದಲು ತೆರೆದುಕೊಟ್ಟ ಮಗ ಅಥವಾ ಮಗಳು ಊರಲ್ಲಿದ್ದರೆ ಅವರನ್ನೂ ಕರೆತಂದರೆ ಅರ್ಧ ಕೆಲಸ ಆದಂತೆಯೇ. 48 ಅಂಕಿಯ ಕೀಲಿಯನ್ನು ಗುಂಪಿಗೆ ಫೋಟೋ ತೆಗೆದು ಹಾಕಬೇಡಿ. ಕಾಗದದಲ್ಲಿ ಬರೆದು, ಐಡಿಯ ಎಂಟು ಅಕ್ಷರವನ್ನೂ ಡ್ರೈವಿನ ಹೆಸರನ್ನೂ ಪಕ್ಕದಲ್ಲಿ ಗುರುತಿಸಿ, ಮನೆಯ ಪಹಣಿ, ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿ. ಸಂಘದ ಕೀಲಿಗಳ ಕಾಗದ ಈಗ ಖಜಾಂಚಿಯವರ ರಶೀದಿ ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದೆ, ಇನ್ನೊಂದು ಪ್ರತಿ ಅಧ್ಯಕ್ಷರ ಮನೆಯಲ್ಲಿದೆ.